ಹೆಬ್ಬೆರಳಿನ ಕಡೆಗೆ

ಗಿರಿಜಾ,

ನೀನು ತೀರಿಕೊಂಡ ಮೇಲೆ ನನ್ನ ಹತ್ತಿರವೇ ಬೆಳೆಯುತ್ತಿರುವ ನಿನ್ನ ಮಗಳು ಮೇಘನಾಗೆ ಕುದೂರಿನ ಸ್ಕೂಲಿನಲ್ಲಿ ಕರಾಟೆ ಹೇಳಿಕೊಡುತ್ತಿದ್ದಾರೆ. ಹೆಣ್ಣುಮಗುವಿಗೆ ಇದೆಲ್ಲ ಯಾಕೆಂದು ಮೊದಲು ನಾನೇ ಬೈದಿದ್ದೆ.

ಇವತ್ತು ಬೆಳಗ್ಗೆ ಜಗಲಿಗೆ ಬಂದು ಮುಂಗೈ ಚಾಚಿದಳು.

"ಅಜ್ಜಿ, ಜೋರಾಗ್ ಹಿಡ್ಕೊ. ಮುದ್ದೆ ತೊಳ್ಸೋ ಕೈ ಅಲ್ವಾ ನಿಂದು?"

ಹಿಡಿದೆ. ನನ್ನ ಹಿಡಿತದಿಂದ ಈ ಮನೆಯಲ್ಲಿ ಯಾರೂ ತಪ್ಪಿಸಿಕೊಂಡವರಿಲ್ಲ. ಅವಳು ನನ್ನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದಳು, ಬಿಡಿಸಿಕೊಂಡೇಬಿಟ್ಟಳು.

"ಅಲ್ಲೇ ಅಜ್ಜಿ ಹಿಡ್ತ ಸಡ್ಲ ಇರೋದು. ಇನ್ನೊಂದ್ಸಲ?"

"ಸಾಕು ಹೋಗೇ, ಹಾಲು ಉಕ್ತೈತೆ," ಎಂದು ಒಳಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಕಡೆಯ ಸಲ ನೀನು ಬಂದಾಗ ಮುಂಗೈ ಕಂದಿತ್ತು. ಗಂಡ ಹಿಡಿದದ್ದು ಎಂದೆ ನೀನು. ತವರಿನಿಂದ ಬರಿಗೈಯಲ್ಲಿ ಕಳಿಸಬಾರದೆಂದು, ಆ ಕಂದು ಮುಚ್ಚುವಷ್ಟು ಹಸಿರು ಬಳೆ ನಾನು ತೊಡಿಸಿದೆ. "ಮರ್ಯಾದೆ ಕಳೀಬ್ಯಾಡ, ನಡಿ," ಎಂದು ಅದೇ ಕೈ ಹಿಡಿದು ಮಾಗಡಿ ಬಸ್ಸು ಹತ್ತಿಸಿದೆ. ನೀನು ಬಿಡಿಸಿಕೊಳ್ಳಲಿಲ್ಲ. ಆಮೇಲೆ ನಿನ್ನನ್ನು ಕಂಡದ್ದು ಮಣ್ಣು ಮಾಡುವ ದಿನ.

ಸಂಜೆ ನಾನೇ ಮೇಘನಾಳನ್ನು ಕರೆದು ಮುಂಗೈ ಹಿಡಿದೆ, ಬೆಳಗ್ಗೆಗಿಂತ ಬಲವಾಗಿ, ಅವಳ ಕಣ್ಣಲ್ಲಿ ನೀರು ಬರುವಷ್ಟು.

ಬಿಡಿಸಿಕೊಂಡಳು ಕಣೇ.