ನನ್ನ ಗಂಡನಿಗೆ ಹೊದಿಸಿದ ಶಾಲು

ಮಾನ್ಯ ವೈದ್ಯಾಧಿಕಾರಿಗಳೇ,

ಮೀನಂಗಡಿ ಊರಿನ ಸಭಾಂಗಣದಲ್ಲಿ ನೀವು ಮೆದುಳಿನ ಗಾಯದ ಜಾಗೃತಿ ದಿನ ಆಚರಿಸಿ, ನನ್ನ ಗಂಡ ಪದ್ಮರಾಜರನ್ನು ವೇದಿಕೆಗೆ ಕರೆದು, ‘ಪೂರ್ತಿ ಗುಣವಾದವರು’ ಎಂದು ಶಾಲು ಹೊದಿಸಿದಿರಿ. ಶಾಲು ಚೆನ್ನಾಗಿದೆ. ಅವರು ಗುಣವಾಗಿಲ್ಲ.

ಕಳೆದ ಕಾಳುಮೆಣಸಿನ ಕೊಯ್ಲಿನಲ್ಲಿ ಅವರು ಒಂಟಿ ಬಿದಿರಿನ ಏಣಿಯಿಂದ ಬಿದ್ದರು. ಇಲ್ಲಿನ ಆಸ್ಪತ್ರೆಯವರು ತಲೆಯ ಶಸ್ತ್ರಚಿಕಿತ್ಸೆ ತಮ್ಮಲ್ಲಿ ಆಗದೆಂದು ಕೋಝಿಕ್ಕೋಡಿಗೆ ಕಳಿಸಿದರು. ಘಾಟಿಯ ತಿರುವುಗಳಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ನನಗೆ ಬಂದ ಜಾಗೃತಿ ನಿಮ್ಮ ಯಾವ ಭಾಷಣದಿಂದಲೂ ಬರಲಾರದು. ಹೇಗೋ ಜೀವ ಉಳಿಯಿತು.

ಮನೆಗೆ ಬಂದವರು ನಡೆದಾಡಿದರು, ನಕ್ಕರು. ಆದರೆ ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಎಂದೂ ಈ ನೇಮ ತಪ್ಪದವರು ಈಗ ದೀಪ ಹಚ್ಚಿದ ಮೇಲೆ ತಟ್ಟೆ ಹಿಡಿದು ಕೂರುತ್ತಾರೆ. “ವಿಮಲಾ, ನಂಗೆ ಊಟ ಹಾಕ್ಲೇ ಇಲ್ವಲ್ಲ?” ಆಗಲೇ ಉಂಡದ್ದು ನೆನಪಿಲ್ಲ. ಅತ್ತೆ “ಮಗ ಧರ್ಮ ಬಿಟ್ಟ” ಎಂದು ಅತ್ತು, ಬಸದಿಯಲ್ಲಿ ಪ್ರಾಯಶ್ಚಿತ್ತ ಮಾಡಿಸಿದರು. ಇದು ಗಾಯದ ಕೆಲಸವೆಂದು ನಮಗೆ ಹೊಳೆದದ್ದು ನಿಮ್ಮ ಇಲಾಖೆಯ ಭಿತ್ತಿಪತ್ರ ಓದಿದ ಮೇಲೆಯೇ. ಅದಕ್ಕೆ ಋಣಿ. ‘ಮರೆವು ಕಂಡರೆ ಕೂಡಲೇ ವೈದ್ಯರನ್ನು ಕಾಣಿ’ ಎಂದೂ ಅದರಲ್ಲಿತ್ತು. ಯಾವ ವೈದ್ಯರನ್ನು, ಸ್ವಾಮಿ?

ಕಂಡೆವು. ಇಲ್ಲಿನವರೊಬ್ಬರು ಕೈ ಎತ್ತಿಸಿ, ಕಾಲು ಮಡಚಿಸಿ ನೋಡಿ, “ಹಸಿವುಂಟಲ್ಲ ಚೇಚಿ, ಮತ್ತೆಂಥ ಸೂಕೇಡು?” ಎಂದು ಮಲಯಾಳ ಬೆರೆಸಿ ಕೇಳಿ, ಕಾಯಿಲೆಯೇ ಇಲ್ಲವೆಂದು ಕಳಿಸಿದರು. ಹಸಿದವರೆಲ್ಲ ಆರೋಗ್ಯವಂತರಾದರೆ ನಿಮ್ಮ ಇಲಾಖೆಗೆ ಕೆಲಸವೇ ಇರುವುದಿಲ್ಲ. ಆಮೇಲೆ ಫೋನು ಮಾಡಿ ಕೇಳಿದಾಗ, ‘ನೆನಪಿನ ತರಬೇತಿ ಕೊಡಿಸಿ, ಮೊದಲ ವರ್ಷದಲ್ಲಿ ಮರಳಿದಷ್ಟು ಆಮೇಲೆ ಮರಳುವುದು ಕಷ್ಟ’ ಎಂದು ಕೋಝಿಕ್ಕೋಡಿನ ವೈದ್ಯರು ಎಚ್ಚರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ; ನಮ್ಮ ಜಿಲ್ಲೆಯಲ್ಲಿ ಆ ತರಬೇತಿ ಕೊಡುವ ಪೂಜಾರಿಯ ಹುದ್ದೆಯೇ ಖಾಲಿ. ವಾರವಾರ ಕೋಝಿಕ್ಕೋಡಿಗೇ ಕರೆದೊಯ್ಯೋಣವೆಂದರೆ, ಘಾಟಿಯ ತಿರುವು ಬಂದೊಡನೆ ಅವರು ಬೆದರಿ ಜೀಪಿನ ಬಾಗಿಲು ತೆರೆಯಲು ಹೋಗುತ್ತಾರೆ.

ಅಂಥವರ ಕೈಗೆ ನೀವು ಮೈಕು ಕೊಟ್ಟಿರಿ. ಅವರು ಹೂವಿನ ಅಲಂಕಾರ ನೋಡಿ, “ಇವತ್ತು ಯಾರ ಮದುವೆ?” ಎಂದರು. ಸಭೆ ಗೊಳ್ಳೆಂದಿತು. ‘ಹಾಸ್ಯಪ್ರಜ್ಞೆಯೂ ಮರಳಿದೆ’ ಎಂದು ನೀವು ಚಪ್ಪಾಳೆ ತಟ್ಟಿಸಿದಿರಿ. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಅದನ್ನು ಆನಂದಬಾಷ್ಪವೆಂದು ಫೋಟೋ ತೆಗೆದರು.

ನನ್ನದು ಒಂದೇ ಬೇಡಿಕೆ. ಈ ತರಬೇತಿ ಬಲ್ಲ ಒಬ್ಬರನ್ನು ವಾರಕ್ಕೊಮ್ಮೆಯಾದರೂ ನಮ್ಮ ಜಿಲ್ಲೆಗೆ ಕರೆಸಿ. ಈ ತಿಂಗಳೇ ಕರೆಸಿ. ನಿಮ್ಮ ಮುಂದಿನ ಜಾಗೃತಿ ದಿನ ಬರುವ ಹೊತ್ತಿಗೆ ಇವರ ಮೊದಲ ವರ್ಷ ಮುಗಿದುಹೋಗಿರುತ್ತದೆ.

ಇಂತಿ,
ವೇದಿಕೆಯ ಮೇಲೆ ಗುಣವಾದವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ
ವಿಮಲ, ಪನಮರಂ