ಟೈಮರ್ ಇಲ್ಲದ ಆಟ

ಕಾರ್ಮೆಲ್ ವ್ಯಾಲಿ
ಬುಧವಾರ

ಸಂದೀಪ್,

ಲಾಯರ್ ಮೂಲಕವಲ್ಲದೆ ನಿನಗೆ ನೇರವಾಗಿ ಬರೆದು ಬಹಳ ಕಾಲವಾಯಿತು. ಗಾಬರಿಯಾಗಬೇಡ, ಸಮಾಚಾರ ಒಳ್ಳೆಯದೇ.

ಗಣಿತದ ಹೊತ್ತಿಗೆ ಪ್ರಣತಿಗೆ ಬರುತ್ತಿದ್ದ ಹೊಟ್ಟೆನೋವು ನಿಂತಿದೆ. ಡಾಕ್ಟರು ಏನೂ ಇಲ್ಲ ಎಂದ ಮೇಲೆ, ಮನೆಯಲ್ಲಿ ಯಾವ ಆನ್‌ಲೈನ್ ಆಟ ಆಡುತ್ತಾಳೆ ಎಂದು ಅವಳ ಟೀಚರ್ ಕೇಳಿದರು. ನಮ್ಮಿಬ್ಬರ ಮನೆಯಲ್ಲೂ ಇದ್ದದ್ದು ಆ ಕಾರ್ ರೇಸಿನ ಲೆಕ್ಕದ ಆಟವೇ. ಉತ್ತರ ತಡವಾದರೆ ಅವಳ ಕಾರು ಹಿಂದೆ ಬೀಳುತ್ತದೆ. "ಐ ಆಮ್ ದ ಸ್ಲೋ ಒನ್" ಎಂದು ಎರಡನೇ ಕ್ಲಾಸಿನ ನಮ್ಮ ಮಗಳು ಎಲ್ಲರಿಗೂ ಹೇಳಿಕೊಂಡಿದ್ದಳಂತೆ.

ಟೀಚರ್ ಹೇಳಿದಂತೆ, ಟೈಮರ್ ಇಲ್ಲದ ಕೆಲವು ಆಟಗಳನ್ನು ಅವಳ ಮುಂದಿಟ್ಟೆ. ಕಪ್ಪೆಯ ಆಟವನ್ನು ಅವಳೇ ಆರಿಸಿಕೊಂಡಳು. ಉತ್ತರ ತಪ್ಪಾದರೆ ಕಪ್ಪೆ ನೀರಿಗೆ ಬಿದ್ದು, ಮೈ ಕೊಡವಿಕೊಂಡು ಮತ್ತೆ ದಡ ಹತ್ತುತ್ತದೆ. ನಿನ್ನೆ ಬೇಕೆಂದೇ ತಪ್ಪು ಒತ್ತಿ, "ಅಮ್ಮಾ, ಲುಕ್, ಬಿತ್ತು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ.

ನಿನ್ನ ಟ್ಯಾಬ್ಲೆಟ್‌ಗೂ ಇದನ್ನೇ ಹಾಕು, ರೇಸಿನದನ್ನು ತೆಗೆದುಬಿಡು. ಅವಳು ಆಡುವಾಗ ಪಕ್ಕದಲ್ಲಿ ಕೂತುಕೋ, ಉತ್ತರ ಮಾತ್ರ ಹೇಳಿಕೊಡಬೇಡ. "ವಿಲ್ ಅಪ್ಪ ವೇಯ್ಟ್ ಫಾರ್ ಮಿ?" ಎಂದು ಕೇಳಿದಳು. ಖಂಡಿತ ಕಾಯುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ.

ಶುಕ್ರವಾರ ನೀನು ಡೈಮಂಡ್ ಬಾರ್‌ನ ನಿನ್ನ ಮನೆಯಿಂದ ಇಷ್ಟು ದೂರ ಡ್ರೈವ್ ಮಾಡುವುದು ಬೇಡ. ನಾನೇ ಅವಳನ್ನು ಕರೆತರುತ್ತೇನೆ. ಕಾಫಿ ಮಾಡಿದರೆ, ಕುಡಿದೇ ಹೊರಡುತ್ತೇನೆ.

ಇಂತಿ,
ಶ್ರೀವಿದ್ಯಾ