ಅಡ್ಡಗೆರೆ ಹಾಕಿದ ಏಳು

ಕೊಪ್ಪ
೧೬–೧–೨೦೨೩, ಸೋಮವಾರ

ಪ್ರೀತಿಯ ಜಯಣ್ಣ,

ನಿನ್ನೆ ಸಂಕ್ರಾಂತಿ ಮುಗಿಯಿತು. ಎಳ್ಳುಬೆಲ್ಲ ತಿಂದ ನಾಲಿಗೆ ಇನ್ನೂ ಸ್ವಲ್ಪ ಸಿಹಿಯಾಗಿರುವಾಗಲೇ ನಿನ್ನ ಕ್ಷೇಮ ವಿಚಾರಿಸಿಬಿಡುತ್ತೇನೆ, ಆಮೇಲೆ ಆಗುತ್ತದೋ ಇಲ್ಲವೋ. ಮಂಡಿನೋವು ಹೇಗಿದೆ? ಬೋರ್ಡಿನ ಮುಂದೆ ದಿನಕ್ಕೆ ಆರು ಗಂಟೆ ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದಾರಂತೆ, ನೀನು ಕೇಳುತ್ತಿಲ್ಲವಂತೆ. ಬಿಪಿ ಮಾತ್ರೆ ತಪ್ಪಿಸಬೇಡ. ಈ ಪತ್ರ ಪೂರ್ತಿ ಓದುವ ಮುಂಚೆ ಒಂದು ನುಂಗಿಕೊಂಡರೆ ಒಳ್ಳೆಯದೇ. ಸರ್ವಮಂಗಳಾ ಅತ್ತಿಗೆ ಚೆನ್ನಾಗಿದ್ದಾರೆಂದು ಗೊತ್ತು, ನನಗೆ ಫೋನ್ ಮಾಡುತ್ತಿರುತ್ತಾರೆ. ಅದಕ್ಕಾಗಿ ಅವರನ್ನು ಬೈಯಬೇಡ. ಶಿವಾನಿ ಹೇಗಿದ್ದಾಳೆ ಎಂದು ಮಾತ್ರ ನಾನು ಕೇಳುವುದಿಲ್ಲ. ನಿನ್ನ ಮಗಳ ಸುದ್ದಿ ನಿನಗಿಂತ ನನಗೇ ಚೆನ್ನಾಗಿ ಗೊತ್ತಿದೆ. ಇಲ್ಲಿ ನಾನೂ ನಮ್ಮವರೂ ಆರೋಗ್ಯವಾಗಿದ್ದೇವೆ.

ಈ ಕಾಲದಲ್ಲಿ ಕಾಗದ ಯಾಕೆ ಅನ್ನುತ್ತೀಯ. ಮೂರು ವರ್ಷದಿಂದ ನನ್ನ ನಂಬರ್ ಬ್ಲಾಕ್ ಮಾಡಿಕೊಂಡು ಕೂತವನಿಗೆ ಇನ್ನು ಹೇಗೆ ಹೇಳಲಿ? ವಿಶ್ವವಿದ್ಯಾಲಯದವರು ಹೈಸ್ಕೂಲು, ಪಿಯುಸಿಯ ಚುರುಕು ಮಕ್ಕಳಿಗಾಗಿ ತಮ್ಮ ಹಳೆಯ ಅಂಚೆ ಗಣಿತ ಕೋರ್ಸನ್ನು ಮತ್ತೆ ಶುರು ಮಾಡಿ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕಿಗೆ ನನ್ನನ್ನು ಸಂಚಾಲಕಿ ಮಾಡಿದ್ದೇ ನನ್ನ ಅಪರಾಧ. ನೀನೂ ಅರ್ಜಿ ಹಾಕಿದ್ದೆ, ನಿನ್ನದು ಆಗಲಿಲ್ಲ. ಅಣ್ಣ ಎರಡು ದಿನ ಮುನಿಸಿಕೊಳ್ಳುತ್ತಾನೆ, ಮೂರನೆಯ ದಿನ ಬಂದು ಕಾಫಿ ಕುಡಿಯುತ್ತಾನೆ ಅಂದುಕೊಂಡಿದ್ದೆ. ನೀನು ಬಂದಿದ್ದರೆ ನಾನು ಆ ಕೆಲಸವನ್ನು ಅರ್ಧ ನಿನಗೇ ಕೊಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ.

ನಮ್ಮ ಕೋರ್ಸು ನಡೆಯುವ ರೀತಿ ನಿನಗೆ ಗೊತ್ತು, ಆದರೆ ಅದು ಯಾಕೆ ಹಾಗಿದೆ ಎಂಬುದು ನಿನ್ನ ತಲೆಗೆ ಹೋದಂತಿಲ್ಲ. ತಿಂಗಳಿಗೊಂದು ಹಾಳೆ, ಹತ್ತು ಪ್ರಶ್ನೆ. ಮಕ್ಕಳು ನಾಲ್ಕು ವಾರ ಅದರ ಜೊತೆ ಒಬ್ಬರೇ ಒದ್ದಾಡಬೇಕು, ಕೈಬರಹದಲ್ಲಿ ಬರೆದು ಕಳಿಸಬೇಕು. ಬೇಗಾರಿನವರು ಅಂಚೆಗೆ ಹಾಕುತ್ತಾರೆ. ಕಿಗ್ಗದ ಕಡೆಯವರು ಕವರನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಹತ್ತೂವರೆಗೆ ಸ್ಟ್ಯಾಂಡಿಗೆ ಬನ್ನಿ ಮೇಡಂ ಎಂದು ಫೋನ್ ಮಾಡುತ್ತಾರೆ. ನಾನು ಅಂಕ ಹಾಕುವುದಿಲ್ಲ, ಎಲ್ಲಿ ದಾರಿ ತಪ್ಪಿದೆ ಎಂದು ಹಸಿರು ಇಂಕಿನಲ್ಲಿ ಬರೆದು ಹಿಂದಕ್ಕೆ ಕಳಿಸುತ್ತೇನೆ. ಹಾಳೆಗಳನ್ನು ನೋಡಿ, ಚೆನ್ನಾಗಿ ಮಾಡಿದವರನ್ನು ವಿಶ್ವವಿದ್ಯಾಲಯದ ಬೇಸಿಗೆ ಶಿಬಿರಕ್ಕೆ ಆರಿಸುತ್ತಾರೆ. ಸಿರಿಮನೆಯಲ್ಲಿ ನಯನ ಎಂಬ ಹುಡುಗಿಯಿದ್ದಾಳೆ, ಒಂದು ಲೆಕ್ಕಕ್ಕೆ ಒಂಬತ್ತು ಪುಟ ತಪ್ಪು ಬರೆದು ಕಳಿಸಿದ್ದಳು. ಅಷ್ಟು ಚಂದದ ತಪ್ಪನ್ನು ನಾನು ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ನೋಡಿಲ್ಲ. ಆ ದಿನ ನನಗೆ ಊಟ ರುಚಿಸಿತು.

ನಿಮ್ಮೂರಿನ ಹಾಳೆಗಳು ಹಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಎನ್.ಆರ್. ಪುರದಿಂದ ಇಪ್ಪತ್ತು ಕವರ್ ಬಂದವು. ಅದರಲ್ಲಿ ಹತ್ತೊಂಬತ್ತು ಮಕ್ಕಳು, ನಾಲ್ಕು ಬೇರೆ ಬೇರೆ ಶಾಲೆಯವರು, ಅಂಕಿ ಏಳನ್ನು ಬರೆದು ಅದರ ಸೊಂಟಕ್ಕೊಂದು ಅಡ್ಡಗೆರೆ ಹಾಕಿದ್ದರು. ಹಾಗೆ ಏಳು ಬರೆಯುವವರು ಈ ಮೂರು ತಾಲ್ಲೂಕಿನಲ್ಲಿ ಇನ್ನಾರೂ ನನಗೆ ಗೊತ್ತಿಲ್ಲ ಜಯಣ್ಣ. ಒಂದು ಎಂದು ಓದಿ ಮೇಷ್ಟ್ರು ಅಂಕ ಕಳೆದರೆಂದು ನೀನು ಆರನೆಯ ಕ್ಲಾಸಿನಲ್ಲಿ ಶುರು ಮಾಡಿದ ಅಭ್ಯಾಸ ಅದು. ನೀನು ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು ಇಳಿಸಿಕೊಳ್ಳಿ ಅಂದೆ, ಪಾಪ, ಮಕ್ಕಳು ನಿನ್ನ ಏಳನ್ನೂ ಇಳಿಸಿಕೊಂಡರು. ಆಮೇಲೆ ನಿನ್ನ ಟ್ಯುಟೋರಿಯಲ್ ಬಾಗಿಲಿನ ಫ್ಲೆಕ್ಸಿನ ಫೋಟೋ ಯಾರೋ ಕಳಿಸಿದರು. ವಿಶ್ವವಿದ್ಯಾಲಯದ ಗಣಿತ ಶಿಬಿರಕ್ಕೆ ನಮ್ಮ ಇಪ್ಪತ್ತು ವಿದ್ಯಾರ್ಥಿಗಳು, ಎಂದು. ಆಯ್ಕೆ ಇನ್ನೂ ನಡೆದೇ ಇರಲಿಲ್ಲ ಮಾರಾಯ!

ಬೇರೆ ವರ್ಷವಾಗಿದ್ದರೆ ಅತ್ತಿಗೆಯ ಫೋನಿನಲ್ಲಿ ನಿನ್ನನ್ನು ಹಿಡಿದು ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಆದರೆ ಅಷ್ಟು ಹೊತ್ತಿಗೆ ಜೂನ್ ತಿಂಗಳು ಕಳೆದಿತ್ತು. ಜೂನಿನಲ್ಲಿ ನಿಮ್ಮ ಮನೆಗೆ ಬಣ್ಣ ಹೊಡೆಸಿದಿರಲ್ಲ, ಆಗ ಅತ್ತಿಗೆ ನಿನ್ನ ಹಳೆಯ ಗಣಿತದ ಪುಸ್ತಕಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ಅಂಚೆ ಕೋರ್ಸಿನ ಮಕ್ಕಳಿಗಾಗುತ್ತದೆ ಎಂದು ಬಸ್ಸಿಗೆ ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರು. ನಾನು ಧೂಳು ಒರೆಸುತ್ತ ನಿನ್ನ ಲಾಗರಿದಮ್ ಟೇಬಲ್ಲಿನ ಪುಸ್ತಕ ಎತ್ತಿದೆ, ಒಂದು ಕವರ್ ಕೆಳಗೆ ಬಿತ್ತು. ಮೇಲೆ ನನ್ನ ಹೆಸರು. ಒಳಗೆ ೧೯೯೧ನೆಯ ಏಪ್ರಿಲ್ ನಾಲ್ಕರ ತಾರೀಖಿನ ಪತ್ರ. ಇದೇ ಅಂಚೆ ಕೋರ್ಸು, ಇದೇ ಬೇಸಿಗೆ ಶಿಬಿರ. ಕುಮಾರಿ ದಾಕ್ಷಾಯಿಣಿ ಆಯ್ಕೆಯಾಗಿದ್ದಾಳೆ, ಪೋಷಕರ ಸಹಿಯೊಂದಿಗೆ ಲಗತ್ತಿಸಿದ ಫಾರಂ ಏಪ್ರಿಲ್ ಮೂವತ್ತರೊಳಗೆ ತಲುಪಿಸುವುದು. ಫಾರಂ ಕೂಡ ಇತ್ತು, ಸಹಿಯ ಜಾಗ ಹಾಗೇ ಖಾಲಿ. ನಮ್ಮವರು ಬಂದು ಏನಾಯಿತು ಎಂದು ಕೇಳಿದರೆ ಧೂಳು ಕಣ್ಣಿಗೆ ಬಿತ್ತು ಅಂದೆ.

ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಒಂದೊಂದು ದಿನವೂ ನೆನಪಿದೆ. ಆ ತಿಂಗಳು ದಿನಾ ಪೋಸ್ಟಾಫೀಸಿಗೆ ಹೋಗಿ ಕೇಳುತ್ತಿದ್ದೆ. ಪೋಸ್ಟ್‌ಮ್ಯಾನ್ ರೇಣುಕಪ್ಪನವರು, ನಿಮ್ಮಣ್ಣನ ಕೈಯಾಗೇ ಕೊಟ್ಟೀನಲ್ಲ ಮಗಳೇ ಅಂದರು. ಮನೆಗೆ ಬಂದು ಕೇಳಿದರೆ ನೀನು ಊಟದ ತಟ್ಟೆಯಿಂದ ತಲೆ ಎತ್ತದೆ, ಕಾಗ್ದ ಬಂದ್ರೆ ನಾನ್ ಕೊಡ್ದೆ ಇರ್ತೀನಾ ಮಾರಾಯ್ತಿ, ಅವ್ನು ಸುಳ್ ಹೇಳ್ತಾನೆ ಅಂದೆ. ನಾನು ನಿನ್ನನ್ನು ನಂಬಿದೆ. ಪೇಟೆ ಬೀದಿಯಲ್ಲಿ ಹತ್ತು ಜನರೆದುರು ಆ ಮನುಷ್ಯನನ್ನು ಕಳ್ಳ ಎಂದೆ. ಅವರು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು. ಅಪ್ಪ ಅವರ ಮೇಲೆ ದೂರು ಬರೆದಾಗ ಅದನ್ನು ಚೆಂದದ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿಕೊಟ್ಟವನು ನೀನು! ಈಗ ಕ್ಷಮೆ ಕೇಳೋಣವೆಂದರೆ ರೇಣುಕಪ್ಪನವರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಶಿಬಿರ ತಪ್ಪಿದ್ದಕ್ಕಾದರೆ ನಿನ್ನನ್ನು ಒಂದು ದಿನ ಕ್ಷಮಿಸಬಹುದೋ ಏನೋ, ಇದಕ್ಕೆ ಆಗುವುದಿಲ್ಲ. ಅದಕ್ಕೆ ಎರಡು ವರ್ಷ ಮೊದಲು ನೀನೂ ಆ ಶಿಬಿರಕ್ಕೆ ಬರೆದು ಆಯ್ಕೆಯಾಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹದಿನಾರರ ಹುಡುಗಿಗೆ ಹೊಳೆಯಲಿಲ್ಲ ಅಷ್ಟೆ. ಆ ಪತ್ರವನ್ನು ಒಲೆಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ನಿನ್ನ ಕೈಯಲ್ಲಿ ಕಾಗದ ಎಸೆಯುವುದಕ್ಕೆ ಆಗುವುದಿಲ್ಲ, ಬಸ್ ಟಿಕೆಟನ್ನೂ ಪುಸ್ತಕದೊಳಗೆ ಇಡುವವನು.

ಹಾಗಾಗಿ ಅಡ್ಡಗೆರೆಯ ಏಳುಗಳನ್ನು ಕಂಡಾಗ ನಾನು ಬೈಯಲಿಲ್ಲ, ಕಾದೆ. ನವೆಂಬರಿನ ಹಾಳೆಗೆ ಏಳನೆಯ ಪ್ರಶ್ನೆಯನ್ನು ನಾನೇ ಹಾಕಿದೆ. ಎರಡು ಪೂರ್ಣ ಸಂಖ್ಯೆಗಳ ವರ್ಗಗಳ ವ್ಯತ್ಯಾಸ ೨೦೨೨ ಆದರೆ, ಆ ಸಂಖ್ಯೆಗಳ ಬಗ್ಗೆ ವಿಚಾರ ಮಾಡಿ. ವಿಶ್ವವಿದ್ಯಾಲಯದ ಪ್ರೊಫೆಸರರಿಗೂ ತೋರಿಸಿ ಒಪ್ಪಿಗೆ ಪಡೆದೆ. ಅಂಥ ಸಂಖ್ಯೆಗಳು ಇಲ್ಲವೇ ಇಲ್ಲ, ಇಲ್ಲ ಎಂದು ತೋರಿಸುವುದೇ ಉತ್ತರ. ಆ ಎರಡು ಸಾಲು ಟೈಪ್ ಮಾಡುವಾಗ ನನಗಾದ ಸಂತೋಷ ಮಗಳ ಮದುವೆಯಲ್ಲೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನೀನು ಬೀಳುತ್ತೀಯ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಪ್ರಶ್ನೆ ಅಂತ ಪ್ರಿಂಟ್ ಆದ್ಮೇಲೆ ಉತ್ತರ ಇದ್ದೇ ಇರುತ್ತೆ ಎಂದು ಕ್ಲಾಸಿನಲ್ಲಿ ಹೇಳಿಕೊಡುವವನಲ್ಲವೇ ನೀನು.

ಬಂದವು. ಹತ್ತೊಂಬತ್ತು ಹಾಳೆ, ಹತ್ತೊಂಬತ್ತರಲ್ಲೂ ಐನೂರ ಆರೂವರೆ ಮತ್ತು ಐನೂರ ನಾಲ್ಕೂವರೆ, ಕೆಳಗೆ ಎರಡೆರಡು ಗೆರೆ. ಕೂಡಿಸಿದರೆ ೧೦೧೧, ಕಳೆದರೆ ೨, ಅವೆರಡನ್ನು ಗುಣಿಸಿದರೆ ೨೦೨೨, ಎಲ್ಲ ಸರಿ. ಆರೂವರೆ ಯಾವತ್ತಿನಿಂದ ಪೂರ್ಣ ಸಂಖ್ಯೆಯಾಯಿತು ಅಣ್ಣಾ? ಸಿರಿಮನೆಯ ನಯನ ನೂರರವರೆಗೆ ಒಂದೊಂದೇ ಸಂಖ್ಯೆ ಹಾಕಿ ನೋಡಿ, ಸುಸ್ತಾಯಿತು ಮೇಡಂ, ಇಲ್ಲ ಅನಿಸುತ್ತದೆ, ಯಾಕೆ ಅಂತ ಗೊತ್ತಾಗಲಿಲ್ಲ ಎಂದು ಬರೆದಿದ್ದಳು. ನಿನ್ನ ಹತ್ತೊಂಬತ್ತಕ್ಕಿಂತ ಅವಳ ಆ ಒಂದು ಸಾಲು ನನಗೆ ದೊಡ್ಡದು.

ವಿಶ್ವವಿದ್ಯಾಲಯಕ್ಕೆ ಬರೆದು ನಿಮ್ಮೂರಿನ ಹಾಳೆಗಳನ್ನೆಲ್ಲ ರದ್ದು ಮಾಡಿಸಬಹುದಿತ್ತು. ಹಾಗೆ ಮಾಡಿಲ್ಲ, ನನ್ನ ಸಿಟ್ಟು ಮಕ್ಕಳ ಮೇಲಲ್ಲ. ಹತ್ತೊಂಬತ್ತು ಹಾಳೆಯ ಮೇಲೂ ಹಸಿರು ಇಂಕಿನಲ್ಲಿ ಒಂದೇ ಮಾತು ಬರೆದಿದ್ದೇನೆ: ಇದು ನಿನ್ನ ಉತ್ತರವಲ್ಲ, ಇದನ್ನು ಬರೆಸಿದವರು ಯಾರೋ ಅವರನ್ನೇ ಕೇಳು, ಅರ್ಧವೂ ಪೂರ್ಣವೇ ಎಂದು. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಆ ಕವರುಗಳೂ ಅವರವರ ಮನೆ ಸೇರಿರುತ್ತವೆ. ಬರುವ ಭಾನುವಾರ ಹತ್ತು ಗಂಟೆಗೆ ಅಷ್ಟೂ ಮಕ್ಕಳನ್ನು ತಂದೆತಾಯಿಯ ಜೊತೆ ಕೊಪ್ಪಕ್ಕೆ ಬರಹೇಳಿದ್ದೇನೆ. ಹೊಸ ಹಾಳೆ ಕೊಡುತ್ತೇನೆ, ನನ್ನೆದುರು ಕೂತು ತಾವೇ ಮಾಡಲಿ. ಒಂದು ಲೆಕ್ಕ ಬಂದರೂ ಸಾಕು, ಕೋರ್ಸಿನಲ್ಲಿ ಉಳಿಯುತ್ತಾರೆ. ತಂದೆತಾಯಿ ಹೊರಗೆ ಬೆಂಚಿನ ಮೇಲೆ ಕೂತು ಏನು ಮಾತಾಡಿಕೊಳ್ಳುತ್ತಾರೋ ಅದು ನನ್ನ ಕೈಯಲ್ಲಿಲ್ಲ. ನಿನಗೂ ಒಂದು ಕುರ್ಚಿ ಹಾಕಿಸಿರುತ್ತೇನೆ. ಬಂದು ಆ ಏಳನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಎಲ್ಲರೆದುರು ಮಾಡಿ ತೋರಿಸು.

ನಿನ್ನ ಮಂಡಿಗೆ ಅಲ್ಲಿಂದ ಇಲ್ಲಿವರೆಗೆ ಬಸ್ಸಿನಲ್ಲಿ ಬರುವಷ್ಟಾದರೂ ಬಲ ಸಿಗಲಿ ಎಂದು ಬೇಡಿಕೊಳ್ಳುತ್ತೇನೆ. ಅತ್ತಿಗೆಗೆ ನನ್ನ ಶರಣು ತಿಳಿಸು. ಅವರು ಕಳಿಸಿದ ಪುಸ್ತಕಗಳು ಬಹಳ ಉಪಯೋಗಕ್ಕೆ ಬಂದವು ಎಂದೂ ಹೇಳು.

ಇಂತಿ ನಿನ್ನ ಒಬ್ಬಳೇ ತಂಗಿ,
ದಾಕ್ಷಾಯಿಣಿ

ತಾ.ಕ.: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಪ್ಪತ್ತನೆಯ ಕವರ್ ಶಿವಾನಿಯದು. ಅವಳ ಏಳಕ್ಕೆ ಅಡ್ಡಗೆರೆ ಇರಲಿಲ್ಲ. ಅವಳು ಬರೆದದ್ದಿಷ್ಟು: ಎರಡು ಪೂರ್ಣ ಸಂಖ್ಯೆಗಳ ಮೊತ್ತವೂ ವ್ಯತ್ಯಾಸವೂ, ಎರಡೂ ಸಮ ಇಲ್ಲವೇ ಎರಡೂ ಬೆಸ. ಸಮವಾದರೆ ಅವುಗಳ ಗುಣಲಬ್ಧ ನಾಲ್ಕರಿಂದ ಭಾಗವಾಗಬೇಕು, ಬೆಸವಾದರೆ ಬೆಸವೇ ಬರಬೇಕು. ೨೦೨೨ ಎರಡೂ ಅಲ್ಲ, ಆದ್ದರಿಂದ ಅಂಥ ಸಂಖ್ಯೆಗಳಿಲ್ಲ. ಆರೇ ಸಾಲು. ಕೆಳಗೆ ಪೆನ್ಸಿಲಿನಲ್ಲಿ, ಅಪ್ಪ ಉತ್ತರ ಇದೆ ಅಂತಾರೆ, ನಾನು ಎಲ್ಲಿ ತಪ್ಪಿದೆ ಹೇಳಿ ಅತ್ತೆ, ಎಂದಿತ್ತು. ತಪ್ಪಿಲ್ಲ ಮಗಳೇ ಎಂದು ಬರೆದಿದ್ದೇನೆ. ಅತ್ತೆ ಆರಿಸಿದಳು ಎಂಬ ಮಾತು ಬರಬಾರದೆಂದು ಅವಳ ಹಾಳೆಗಳನ್ನು ಹೆಸರು ಮುಚ್ಚಿ ಪ್ರೊಫೆಸರರಿಗೆ ಕಳಿಸಿದೆ. ಮೂರು ತಾಲ್ಲೂಕಿನಲ್ಲಿ ಮೊದಲನೆಯವಳಾಗಿ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ. ಫಾರಂ ಇದರ ಜೊತೆಗಿದೆ, ೩೧ರೊಳಗೆ ಪೋಷಕರ ಸಹಿ ಆಗಿ ಬರಬೇಕು. ಇನ್ನೊಂದು ಮಡಿಚಿದ ಕಾಗದ ನನ್ನ ಹಳೆಯ ಪತ್ರದ ಜೆರಾಕ್ಸ್. ಮೂಲ ನನ್ನ ಹತ್ತಿರ ಇದೆ, ಶಿವಾನಿಗೆ ಇನ್ನೂ ತೋರಿಸಿಲ್ಲ. ಈ ಕವರನ್ನು ರಿಜಿಸ್ಟರ್ ಮಾಡಿಸುತ್ತಿದ್ದೇನೆ, ಪೋಸ್ಟ್‌ಮ್ಯಾನ್ ನಿನ್ನ ರುಜು ಹಾಕಿಸಿಕೊಂಡೇ ಕೊಡುತ್ತಾನೆ, ಆ ಚೀಟಿ ನನಗೆ ವಾಪಸು ಬರುತ್ತದೆ. ಕಾಗದ ಬರಲಿಲ್ಲ ಎಂದು ಈ ಸಲ ನೀನು ಹೇಳಲಾರೆ. ತಾಯಿಯ ಸಹಿಯಾದರೂ ನಡೆಯುತ್ತದಂತೆ, ವಿಚಾರಿಸಿದ್ದೇನೆ, ಅತ್ತಿಗೆಗೆ ಬೇರೆ ಫಾರಂ ಆಗಲೇ ತಲುಪಿದೆ. ಹುಡುಗಿ ಹೇಗೂ ಹೋಗುತ್ತಾಳೆ. ಆದರೂ ನನಗೆ ನಿನ್ನ ಸಹಿಯೇ ಬೇಕು.